ಬೈಯದ ಗಿರಾಕಿ

ಮಾರ್ಚ್ ೯, ಸೋಮವಾರ
ವರ್ಕ್‌ಶಾಪಿನಿಂದ

ಪ್ರೀತಿಯ ಸಾಧು,

ನಿನ್ನ ಗಿಟಾರ್ ಬಂದು ತಲುಪಿ ಇವತ್ತಿಗೆ ಇಪ್ಪತ್ತೆರಡು ದಿನವಾಯಿತು. ತಲುಪಿದೆ ಎಂದು ಒಂದು ಸಾಲು ಕೂಡ ಬರೆಯಲಿಲ್ಲ, ತಪ್ಪು ನನ್ನದೇ. ನೀನು ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ನಾನು ಪಕ್ಕದಲ್ಲೇ ಕೂತು, ಇವಳ ಬಾಯಲ್ಲಿ "ಅವರು ಮೆಷಿನ್ ಹತ್ರ ಇದ್ದಾರೆ" ಎಂದು ಹೇಳಿಸಿದೆ. ಮೆಷಿನ್ ಓಡುತ್ತಿರಲಿಲ್ಲ. ಫೋನ್ ತೆಗೆದುಕೊಂಡಿದ್ದರೆ ಬೈಗುಳದಿಂದಲೇ ಮಾತು ಶುರುವಾಗುತ್ತಿತ್ತು, ನೀನು ಎರಡನೇ ವಾಕ್ಯಕ್ಕೆ "ಹೋಗ್ಲಿ ಬಿಡೋ" ಅನ್ನುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಪತ್ರದಲ್ಲಾದರೆ ನಡುವೆ ಬಾಯಿ ಹಾಕಲು ನಿನಗೆ ಜಾಗವಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಕಾಫಿ ಕುಡಿಯುತ್ತಾ ಓದಬೇಡ, ಮೈಮೇಲೆ ಚೆಲ್ಲಿಕೊಳ್ಳುತ್ತೀಯ.

ಮೊದಲು ಮನೆಯ ಸಮಾಚಾರ. ಇವಳ ಮಂಡಿನೋವು ಎಷ್ಟೋ ಕಡಿಮೆಯಾಗಿದೆ. ಹಾಗಾಗಿ ದಿನಕ್ಕೆ ಎರಡು ಸಲ ವರ್ಕ್‌ಶಾಪಿಗೆ ಬಂದು ನನ್ನ ಮೇಲೆ ಒಂದು ಕಣ್ಣಿಟ್ಟು ಹೋಗುತ್ತಾಳೆ. ನಮ್ಮಲ್ಲಿ ಪಾಲಿಶ್ ಹೊಡೆಯುವ ಬಣ್ಣದವರು ನಿನಗೆ ಗೊತ್ತಲ್ಲ, ಅವರಿಗೆ ಹೊಸ ಕನ್ನಡಕ ಬಂದಿದೆ. ಬಂದಾಗಿನಿಂದ ಗೋಡೆಗೆ ನೇತುಹಾಕಿದ ಪ್ರತಿಯೊಂದು ಗಿಟಾರಿನಲ್ಲೂ ಗೀರು ಕಾಣುತ್ತಿದೆಯಂತೆ. "ಇವೆಲ್ಲ ಇಷ್ಟು ದಿನ ಎಲ್ಲಿದ್ವು ಸಾರ್?" ಎಂದು ನನ್ನನ್ನೇ ಕೇಳುತ್ತಾರೆ. ಮಗಳ ವಿಷಯ ನೀನು ಪ್ರತಿ ಪತ್ರದಲ್ಲೂ ಕೇಳುತ್ತೀಯ. ಮೂರು ವರ್ಷದಿಂದ ನಾವಿಬ್ಬರೂ ಮಾತಾಡಿಲ್ಲ ಎಂದು ಗೊತ್ತಿದ್ದೂ ಕೇಳುತ್ತೀಯ. ಅದಕ್ಕೆ ಈ ಸಲ ನನ್ನ ಹತ್ತಿರ ಉತ್ತರವಿದೆ, ಮುಂದೆ ಬರುತ್ತದೆ.

ಈಗ ಗಿಟಾರ್, ನಾನು ನಿನಗೆ ಮಾಡಿಕೊಟ್ಟ ನಾಲ್ಕನೆಯದು. ಅದರ ಜೊತೆ ನೀನೊಂದು ಚೀಟಿ ಇಟ್ಟಿದ್ದೆ. "ಸ್ವಿಚ್ ಕರಕರ ಅನ್ನುತ್ತೆ, ಅದನ್ನಷ್ಟೇ ನೋಡು. ಬೇರೆ ಏನೂ ಬಿಚ್ಚಬೇಡ, ಬಾಕಿಯೆಲ್ಲ ಅದ್ಭುತವಾಗಿದೆ." ಅಲ್ಲ ಮಹಾರಾಯ, ಮೂವತ್ತು ವರ್ಷ ಮರ ಕೊಯ್ದವನಿಗೆ ಬಿಚ್ಚಬೇಡ ಎಂದು ಬರೆದರೆ ಅವನು ಏನು ಮಾಡುತ್ತಾನೆ? ಸ್ವಿಚ್ಚನ್ನು ಮುಟ್ಟುವ ಮೊದಲೇ ಹಿಂದಿನ ನಾಲ್ಕು ಸ್ಕ್ರೂ ತೆಗೆದು ನೆಕ್ಕನ್ನು ಬಾಡಿಯಿಂದ ಬೇರೆ ಮಾಡಿದೆ.

ನೆಕ್ಕಿನ ಬುಡ ಕೂರಲೆಂದು ಬಾಡಿಯಲ್ಲಿ ಒಂದು ಕುಳಿ ಕೊಯ್ದಿರುತ್ತೇನಲ್ಲ, ಅದರೊಳಗೆ ನಾನು ಇಡದ ಒಂದು ವಸ್ತು ಇತ್ತು. ಅಂಚೆಚೀಟಿಗಿಂತ ತುಸು ದೊಡ್ಡದಾದ ಒಂದು ಮರದ ಚೂರು. ಒಂದು ತುದಿ ಕಾಗದದಷ್ಟು ತೆಳು, ಇನ್ನೊಂದು ತುದಿ ಉಗುರಿನಷ್ಟು ದಪ್ಪ. ಅಷ್ಟು ಚಿಕ್ಕ ಚೂರಿನಲ್ಲಿ ಅಷ್ಟು ನಯವಾದ ಇಳಿಜಾರು ತೆಗೆಯಲು ನಾನಾದರೆ ಎರಡು ಚೂರು ಕೆಡಿಸಿ ಮೂರನೆಯದರಲ್ಲಿ ಗೆಲ್ಲುತ್ತೇನೆ. ಕುಳಿಯ ತಳ ಓರೆಯಾಗಿದ್ದಾಗ ಮಾತ್ರ ಅಂಥದ್ದನ್ನು ಇಡುತ್ತಾರೆ. ತಳ ಓರೆಯಾದರೆ ನೆಕ್ ಮುಂದಕ್ಕೆ ವಾಲುತ್ತದೆ, ತಂತಿ ನೆಕ್ಕಿನ ಮೇಲಿನ ಲೋಹದ ಫ್ರೆಟ್ಟುಗಳಿಂದ ಮೇಲೆದ್ದು ನಿಲ್ಲುತ್ತದೆ, ಹನ್ನೆರಡನೇ ಫ್ರೆಟ್ ದಾಟಿದ ಮೇಲೆ ಒತ್ತಿ ಒತ್ತಿ ಬೆರಳಿಗೆ ಬೊಬ್ಬೆ ಬರುತ್ತದೆ. ಒಬ್ಬ ದರ್ಜಿ ಹೊಲಿದ ಕೋಟಿನ ಅಸ್ತರಿಯೊಳಗೆ ಇನ್ನೊಬ್ಬ ದರ್ಜಿಯ ತೇಪೆ ಸಿಕ್ಕಿದರೆ ಮೊದಲನೆಯವನಿಗೆ ಹೇಗಾಗಬೇಕು ಹೇಳು. ನನ್ನ ಮೈಯೆಲ್ಲ ಉರಿಯಿತು.

ಯಾರ ಕೆಲಸ ಎಂದು ಯೋಚಿಸಬೇಕಾದ ಕಷ್ಟವನ್ನೂ ನೀನು ನನಗೆ ಕೊಡಲಿಲ್ಲ. ಚೂರಿನ ಹಿಂದೆ ಪೆನ್ಸಿಲಿನಲ್ಲಿ ತಾರೀಖು ಬರೆದಿತ್ತು, ತಾರೀಖಿನಲ್ಲಿ ಇಂಗ್ಲಿಷಿನ ಒಂದು ಏಳು ಇತ್ತು, ಏಳರ ನಡುವೆ ಒಂದು ಅಡ್ಡಗೆರೆ. ಹಿಂದೊಮ್ಮೆ ಒಂದನ್ನು ಏಳೆಂದು ಓದಿ ಒಳ್ಳೆಯದೊಂದು ಹಲಗೆಯನ್ನು ಹಾಳು ಮಾಡಿದ ಮೇಲೆ, ಆ ಗೆರೆ ಎಳೆಯುವುದನ್ನು ಮಗಳಿಗೆ, ನಮ್ಮ ಪುಟ್ಟಿಗೆ, ಹೇಳಿಕೊಟ್ಟವನು ನಾನು.

ಅಂದರೆ ವಿಷಯ ಇಷ್ಟು. ನೀನು ಕಾರ್ಯಕ್ರಮಕ್ಕೆ ಎಂದು ಈ ಊರಿಗೆ ಬರುತ್ತೀಯ. ನನ್ನ ಮನೆಯಲ್ಲಿ ಕೂತು ಊಟ ಮಾಡುತ್ತೀಯ, "ನಿನ್ನ ಕೈಗೆ ಚಿನ್ನದ ಬಳೆ ಹಾಕ್ಬೇಕು ಕಣೋ ಬಡಗಿ" ಎನ್ನುತ್ತೀಯ. ಅಲ್ಲಿಂದ ಎದ್ದು ಊರಿನ ಇನ್ನೊಂದು ತುದಿಗೆ ಹೋಗಿ ನನ್ನ ಮಗಳ ರಿಪೇರಿ ಅಂಗಡಿಯಲ್ಲಿ ನನ್ನ ಗಿಟಾರನ್ನು ಸರಿ ಮಾಡಿಸಿಕೊಳ್ಳುತ್ತೀಯ. ನನಗೂ ಹೇಳುವುದಿಲ್ಲ, ಅವಳ ಬಾಯಿಗೂ ಬೀಗ ಹಾಕಿಸಿದ್ದೀಯ. ಹಾಸ್ಟೆಲಿನಲ್ಲಿ ನಿನಗೆ ಸಾಧು ಎಂದು ಹೆಸರಿಟ್ಟವನು ನಾನೇ ಅಲ್ಲವೇ? ವಾಪಸ್ ತೆಗೆದುಕೊಂಡಿದ್ದೇನೆ.

ಆ ದಿನವೇ ನಿನ್ನ ಪತ್ರಗಳ ಫೈಲು ತೆಗೆದೆ. ಎರಡನೇ ಗಿಟಾರಿಗೆ "ಕೈಗೆ ಹೇಳಿ ಮಾಡಿಸಿದ ಹಾಗಿದೆ" ಎಂದು ಬರೆದಿದ್ದೀಯ. ಹೇಳಿಯೇ ಮಾಡಿಸಿದ್ದಲ್ಲವೇನೋ, ಇನ್ನು ಹೇಗಿರಬೇಕಿತ್ತು? ಮೂರನೆಯದಕ್ಕೆ ಎರಡು ಪುಟ ಹೊಗಳಿಕೆ. ನಾಲ್ಕನೆಯದು ಕೈಗೆ ಬಂದ ಮೇಲೆ ಬರೆದದ್ದನ್ನು ಓದಿ ಮಾತ್ರ ನಾನು ಫೈಲನ್ನು ಗೋಡೆಗೆ ಎಸೆದೆ. "ವಯಸ್ಸಾಯಿತು ಕಣೋ, ಮೇಲಿನ ಫ್ರೆಟ್ಟುಗಳ ಕಡೆ ಬೆರಳು ಓಡುವುದಿಲ್ಲ. ಆ ಭಾಗಗಳನ್ನೆಲ್ಲ ನುಡಿಸುವುದು ಬಿಟ್ಟಿದ್ದೇನೆ, ಹೊಸ ಹುಡುಗರು ನುಡಿಸಿಕೊಳ್ಳಲಿ." ಇದನ್ನು ಓದಿ ಆವತ್ತು ನಾನು ಮರುಗಿದ್ದೆ. ಪಾಪ, ಇವನಿಗೂ ವಯಸ್ಸಾಯಿತಲ್ಲ ಎಂದು ಇವಳ ಹತ್ತಿರ ಹೇಳಿದ್ದೆ. ನನ್ನ ಕುಳಿ ಓರೆಯಾದದ್ದಕ್ಕೆ ನೀನು ನಿನ್ನ ಬೆರಳಿನ ಮೇಲೆ ತಪ್ಪು ಹೊರಿಸಿಕೊಂಡೆಯಲ್ಲೋ! ಇದಕ್ಕೆ ಏನೆನ್ನಬೇಕು? ಒಳ್ಳೆಯತನ ಎನ್ನುವುದಕ್ಕೆ ನನಗೆ ಬಾಯಿ ಬರುತ್ತಿಲ್ಲ.

ಮುಂದೆ ಕೇಳು. ನಿನ್ನದೊಂದೇ ಹಾಗಾಗಿರಬಹುದು ಎಂದುಕೊಂಡು ವರ್ಕ್‌ಶಾಪಿನಲ್ಲಿದ್ದ ಒಂಬತ್ತು ಬಾಡಿಗಳ ಕುಳಿ ಅಳೆದೆ. ಒಂಬತ್ತೂ ಓರೆ, ಒಂಬತ್ತೂ ಒಂದೇ ಕಡೆಗೆ. ನಾನು ಮಾಡಿದ ಮೊದಲ ಕೆಲಸ ಮರದ ಮಂಡಿಯವನಿಗೆ ಫೋನ್ ಮಾಡಿ ಹದಿನೈದು ನಿಮಿಷ ಕೂಗಾಡಿದ್ದು. ಹಸಿ ಮರ ಕೊಡುತ್ತೀಯ, ಬಾಗುತ್ತದೆ, ನನ್ನ ಹೆಸರು ಕೆಡುತ್ತದೆ ಎಂದೆಲ್ಲ ಅಂದೆ. ಅವನು ಎಲ್ಲವನ್ನೂ ಕೇಳಿಸಿಕೊಂಡು, "ಸಾರ್, ಮರ ಬಾಗಿದ್ರೆ ಒಂದು ಆ ಕಡೆ ಬಾಗುತ್ತೆ, ಒಂದು ಈ ಕಡೆ ಬಾಗುತ್ತೆ. ಒಂಬತ್ತೂ ಒಂದೇ ಕಡೆ ಅಂದ್ರೆ ಅದು ಮರ ಅಲ್ಲ ಸಾರ್, ನೀವು" ಎಂದ. ಬಣ್ಣದವರು ಕನ್ನಡಕ ಒರೆಸಿಕೊಳ್ಳುತ್ತಾ ಆ ಕಡೆ ತಿರುಗಿ ನಕ್ಕರು. ನನಗೆ ಬೆನ್ನು ಕಾಣುತ್ತಿತ್ತು, ಅಲುಗಾಡುತ್ತಿತ್ತು.

ಮೂರು ದಿನ ಮೆಷಿನ್ ಬಿಚ್ಚಿದೆ, ಬ್ಲೇಡ್ ಬದಲಾಯಿಸಿದೆ, ಮೇಜಿನ ಕಾಲಿಗೆ ಸಪೋರ್ಟ್ ಕೊಟ್ಟೆ. ಕೊನೆಗೆ ಅಚ್ಚನ್ನು ತಿರುಗಿಸಿ ನೋಡಿದೆ. ಪ್ಲೈವುಡ್ಡಿನ ಆ ಅಚ್ಚನ್ನು ನೀನು ನೋಡಿದ್ದೀಯ. ಬಾಡಿಯ ಮೇಲೆ ಅದನ್ನಿಟ್ಟು, ಅದರ ಮೇಲೆ ಮೆಷಿನ್ ಓಡಿಸಿ ಕುಳಿ ಕೊಯ್ಯುವುದು. ಅದು ಜಾರದಿರಲಿ ಎಂದು ಒಂದು ತುದಿಯ ಅಡಿಗೆ ಮರಳು ಕಾಗದದ ಒಂದು ಪಟ್ಟಿ ಅಂಟಿಸುತ್ತೇನೆ. ಒಂದೆರಡು ವರ್ಷಕ್ಕೆ ಅದು ಸವೆದು ನುಣ್ಣಗಾಗುತ್ತದೆ. ಸವೆದಾಗಲೆಲ್ಲ ನಾನು, ಅಂದರೆ ಈ ಊರಿನಲ್ಲಿ ಕೈಕೆಲಸದ ಅಚ್ಚುಕಟ್ಟಿಗೆ ಹೆಸರಾದ ಈ ಮಹಾಶಯ, ಹಳೆಯದನ್ನು ಕಿತ್ತು ಹಾಕುವ ಬದಲು ಅದರ ಮೇಲೆಯೇ ಹೊಸ ಪಟ್ಟಿ ಅಂಟಿಸಿದ್ದೇನೆ. ಚಾಕುವಿನಿಂದ ಎಬ್ಬಿಸಿ ಎಣಿಸಿದೆ. ಏಳು ಪದರ. ಎಲ್ಲಕ್ಕೂ ಕೆಳಗಿನದು ಪುಡಿಪುಡಿಯಾಗಿ ಕೈಗೆ ಬಂತು. ಒಂದೊಂದು ಪದರಕ್ಕೂ ಅಚ್ಚು ಆ ತುದಿಯಲ್ಲಿ ಒಂದು ಕೂದಲೆಳೆ ಮೇಲೆದ್ದಿದೆ, ಕುಳಿ ಒಂದು ಕೂದಲೆಳೆ ಓರೆಯಾಗಿದೆ. ನಿನ್ನ ಮೊದಲ ಗಿಟಾರ್ ನೆಟ್ಟಗಿರಬೇಕು. ಎರಡನೆಯದರಿಂದ ಹಾಳಾಗುತ್ತಾ ಬಂದಿದೆ. ನನ್ನ ಹೆಸರು ಬೆಳೆದಷ್ಟೂ ನನ್ನ ಕೆಲಸ ಓರೆಯಾಗಿದೆ ನೋಡು.

ಕೊನೆಯ ತಪಾಸಣೆಯಲ್ಲಿ ಗೊತ್ತಾಗಬಾರದಿತ್ತೇ ಎಂದು ನೀನು ಕೇಳುವುದಿಲ್ಲ, ನೀನು ಏನನ್ನೂ ಕೇಳುವವನಲ್ಲ. ನಾನೇ ಹೇಳುತ್ತೇನೆ. ತಪಾಸಣೆಗೆ ನಾನು ಪ್ರತಿ ಗಿಟಾರನ್ನೂ ನುಡಿಸಿ ನೋಡುತ್ತೇನೆ. ನನಗೆ ನುಡಿಸಲು ಬರುವುದು ಮೂರು ಸ್ವರಗುಚ್ಛ, ನಿಮ್ಮ ಭಾಷೆಯಲ್ಲಿ ಕಾರ್ಡು, ಮೂರೂ ಮೂರನೇ ಫ್ರೆಟ್ಟಿನ ಒಳಗೆ. ಮೇಲಿನ ಫ್ರೆಟ್ಟುಗಳವರೆಗೆ ನನ್ನ ಬೆರಳು ಈ ಜನ್ಮದಲ್ಲಿ ಹೋಗಿಲ್ಲ. ಮನೆಯ ಬಾಗಿಲಲ್ಲಿ ನಿಂತು ಒಳಗೆಲ್ಲ ಸರಿಯಿದೆ ಎಂದು ಸಹಿ ಹಾಕಿದವನು ನಾನು. ಮೊದಲೆಲ್ಲ ಪುಟ್ಟಿ ನುಡಿಸುತ್ತಿದ್ದಳು.

ಆಮೇಲೆ ನಾಚಿಕೆ ಬಿಟ್ಟು ಹಳೆಯ ಗಿರಾಕಿಗಳಿಗೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡಿದೆ. ಹಲ್ಲಿನ ಡಾಕ್ಟರು ಹೇಳಿದ್ದು, "ಮೇಲ್ಗಡೆ ಸ್ವಲ್ಪ ಬಿಗಿ ಇದೆ ಸಾರ್. ಕೈಯಲ್ಲಿ ಮಾಡಿದ್ದು ಅಂದ್ರೆ ಹಾಗೇ ಇರುತ್ತೆ ಅನ್ಕೊಂಡೆ." ಕೈಯಲ್ಲಿ ಮಾಡಿದ್ದು ಎಂದರೆ ಹಾಗೇ ಇರುತ್ತದಂತೆ! ಇವರ ಕೈಯಲ್ಲಿ ಹಲ್ಲು ಕೀಳಿಸಿಕೊಂಡವರು ಏನೆಂದುಕೊಳ್ಳಬೇಕು? ಇನ್ನೊಬ್ಬರು ಮೇಷ್ಟರು, "ಪರವಾಗಿಲ್ಲ ಬಿಡಿ, ನಿಮ್ಮ ಹೆಸರು ಇದೆಯಲ್ಲ ಅದರ ಮೇಲೆ, ಅಷ್ಟು ಸಾಕು" ಎಂದರು. ಇನ್ನೊಬ್ಬರು ಅದನ್ನು ಗೋಡೆಗೆ ನೇತುಹಾಕಿದ್ದಾರಂತೆ, ನುಡಿಸುವುದು ಕಾರ್ಖಾನೆಯ ಗಿಟಾರನ್ನು. ಎಷ್ಟು ಜನರಿಗೆ ಫೋನ್ ಮಾಡಿದೆನೋ ಅಷ್ಟೂ ಜನ ಪರವಾಗಿಲ್ಲ ಎಂದರು.

ಒಬ್ಬರೇ ಒಬ್ಬರು ಬೈದರು. ಮಕ್ಕಳಿಗೆ ಗಿಟಾರ್ ಹೇಳಿಕೊಡುವ ಟೀಚರಮ್ಮ. "ಎರಡು ವರ್ಷದ ಹಿಂದೆನೇ ಪತ್ರ ಬರೆದು, ಫೋನ್ ಮಾಡಿ ಹೇಳಿದ್ನಲ್ರೀ. ನೀವು 'ಹಿಡಿಯೋ ರೀತಿ ಸರಿಯಿಲ್ಲ, ಅಭ್ಯಾಸ ಮಾಡಿ' ಅಂತ ಫೋನ್ ಇಟ್ರಿ. ಇಪ್ಪತ್ತು ವರ್ಷದಿಂದ ಪಾಠ ಹೇಳ್ತಿರೋಳಿಗೆ ಅಭ್ಯಾಸ ಮಾಡಿ ಅಂದ್ರಿ." ಆಕೆಯ ಪತ್ರವನ್ನೂ ಹುಡುಕಿದೆ. 'ತಲೆನೋವು' ಎಂದು ಬರೆದ ಫೈಲಿನಲ್ಲಿತ್ತು, ಅದರಲ್ಲಿದ್ದದ್ದು ಅದೊಂದೇ ಪತ್ರ. ಗಿಟಾರ್ ಕಳಿಸಿ, ಸರಿ ಮಾಡಿಕೊಡುತ್ತೇನೆ ಎಂದೆ. "ಬೇಡ, ನಿಮ್ಮ ಮಗಳ ಹತ್ರ ಮಾಡಿಸಿದೀನಿ" ಎಂದರು. ಈ ಊರಿನಲ್ಲಿ ನನ್ನ ಮಗಳ ಅಂಗಡಿಯ ದಾರಿ ಗೊತ್ತಿಲ್ಲದವನು ನಾನೊಬ್ಬನೇ ಎಂದು ಕಾಣುತ್ತದೆ.

ಮನೆಗೆ ಬಂದು ಇವಳನ್ನು ಕೇಳಿದೆ, "ನಿನಗೂ ಗೊತ್ತಿತ್ತಾ?"

"ಗೊತ್ತಿತ್ತು," ಎಂದಳು, ಬಟ್ಟೆ ಮಡಚುವುದನ್ನು ನಿಲ್ಲಿಸದೆ.

"ಮತ್ತೆ ಯಾಕೆ ಹೇಳ್ಲಿಲ್ಲ?"

"ನಿಮಗೆ ಹೇಳೋದಾ? ಸಾರಿಗೆ ಉಪ್ಪು ಜಾಸ್ತಿ ಆಗಿದೆ ಅಂತ ನೀವು ಅಂದ್ರೆ ನಾನು ಸುಮ್ನಿರ್ಬೇಕು. ಅಂಗಿ ಗುಂಡಿ ತಪ್ಪಾಗಿ ಹಾಕಿದ್ದೀರಿ ಅಂತ ನಾನು ಅಂದ್ರೆ ನೀವು ಮೂರು ದಿನ ಮುಖ ಊದಿಸ್ಕೊಂಡು ಓಡಾಡ್ತೀರಿ. ಮೊದ್ಲೇ ಹೇಳಿದೋಳ ಗತಿ ಏನಾಯ್ತು ಅಂತ ನೋಡಿದೀನಲ್ಲ."

ನಾನು ಮುಖ ಊದಿಸಿಕೊಳ್ಳುವುದಿಲ್ಲ ಎಂದು ವಾದಿಸಿದೆ. ಆಮೇಲೆ ಮೂರು ದಿನ ಅವಳ ಜೊತೆ ಮಾತಾಡಲಿಲ್ಲ.

ನಿನ್ನ ಮೇಲೆ ನನಗೆ ಯಾಕೆ ಇಷ್ಟು ಸಿಟ್ಟು ಎಂದು ಈಗಲಾದರೂ ಅರ್ಥವಾಯಿತೇ? ಉಳಿದವರೆಲ್ಲ ಗಿರಾಕಿಗಳು. ಮರ್ಯಾದೆಗೆ ಸುಮ್ಮನಿದ್ದರು, ಅದು ಅವರ ಹಕ್ಕು. ನೀನು ಸ್ಟೇಜಿನ ಮೇಲೆ ನುಡಿಸುವವನು. ಮೊದಲ ಗಿಟಾರ್ ಮಾಡುವಾಗ ನೆಕ್ಕನ್ನು ಆರು ಸಲ ತಿರುಗಿ ಕೆತ್ತಿಸಿದವನು. "ಇದು ಗಿಟಾರೋ, ಒನಕೆಯೋ?" ಎಂದು ಬಣ್ಣದವರ ಎದುರೇ ನನ್ನ ಮಾನ ತೆಗೆದವನು. ಆಗ ನಾನು ಹಲ್ಲು ಕಡಿಯುತ್ತಿದ್ದೆ, ಆದರೆ ಆ ಗಿಟಾರ್ ಇವತ್ತಿಗೂ ನೆಟ್ಟಗಿದೆ. ಆ ಬೈಯುವ ಮನುಷ್ಯ ಎಲ್ಲಿ ಹೋದ? ನನಗೆ ಹೆಸರು ಬಂತು, ಪೇಪರಿನಲ್ಲಿ ಫೋಟೋ ಬಂತು, ನೀನು ನನ್ನನ್ನು ಬೈಯುವುದನ್ನು ಬಿಟ್ಟೆ. ನನ್ನನ್ನು ಅಟ್ಟಕ್ಕೆ ಹತ್ತಿಸಿ ಏಣಿ ತೆಗೆದುಕೊಂಡು ಹೋದ ಹಾಗಾಯಿತು. ನಿನಗೆ ನನ್ನ ಮೇಲೆ ಪ್ರೀತಿ ಇದೆ, ಗೊತ್ತು. ನೀನು ಇನ್ನೊಬ್ಬರ ಗಿಟಾರ್ ಮುಟ್ಟಿಲ್ಲ, ನಿನ್ನ ಶಿಷ್ಯರನ್ನೆಲ್ಲ ನನ್ನ ಹತ್ತಿರವೇ ಕಳಿಸಿದ್ದೀಯ, ಅದೂ ಗೊತ್ತು. ಆ ಶಿಷ್ಯರ ಬೆರಳಿಗೂ ಬೊಬ್ಬೆ ಬಂದಿರುತ್ತದೆ ಎಂದು ಒಂದು ಸಲವಾದರೂ ಅನ್ನಿಸಲಿಲ್ಲವೇ?

ಇನ್ನು ನಿನ್ನ ಐದನೇ ಗಿಟಾರ್. ಹಗುರವಾಗಿರಲಿ, ಭುಜ ನೋಯುತ್ತದೆ ಎಂದು ಬರೆದಿದ್ದೀಯ. ಮಾಡುವುದಿಲ್ಲ. ಎಂದರೆ, ನೀನು ಅಲ್ಲಿ ಕೂತು ಪತ್ರ ಬರೆದರೆ ಮಾಡುವುದಿಲ್ಲ. ರಜೆ ಹಾಕಿ ಇಲ್ಲಿಗೆ ಬಾ, ಮೇಜಿನ ಎದುರು ಕೂರು, ಕುಳಿ ಕೊಯ್ದ ದಿನವೇ ನೆಕ್ ಕೂರಿಸಿ ಕೊಡುತ್ತೇನೆ, ತುತ್ತತುದಿಯ ಫ್ರೆಟ್ಟಿನವರೆಗೆ ನುಡಿಸು. ಸರಿಯಿಲ್ಲದಿದ್ದರೆ ಬಣ್ಣದವರ ಎದುರೇ ಬೈ. ಒಂದು ಸಲ "ಪರವಾಗಿಲ್ಲ" ಎಂದರೂ ನಿನ್ನನ್ನೂ ನಿನ್ನ ಪೆಟ್ಟಿಗೆಯನ್ನೂ ರೈಲು ಹತ್ತಿಸುತ್ತೇನೆ. ಎರಡನೆಯದನ್ನೂ ಮೂರನೆಯದನ್ನೂ ಬರುವಾಗ ತಾ. ಅವುಗಳೊಳಗೆ ಅವಳಿಟ್ಟ ಚೂರುಗಳನ್ನು ನಾನು ನೋಡಬೇಕು. ತೆಗೆಯುವುದಿಲ್ಲ, ನೋಡುತ್ತೇನೆ ಅಷ್ಟೇ.

ನಿನ್ನ ಸ್ವಿಚ್ ಸರಿ ಮಾಡಿದ್ದೇನೆ. ಧೂಳು ಕೂತಿತ್ತು. ಆ ಮರದ ಚೂರನ್ನು ಇದ್ದ ಜಾಗದಲ್ಲೇ ಇಟ್ಟು ನೆಕ್ ಕೂರಿಸಿದ್ದೇನೆ.

ನಿನ್ನ ಮನೆಯವರಿಗೆ ನನ್ನ ನಮಸ್ಕಾರ ಹೇಳು. ಮಕ್ಕಳು ನೂರು ಕಾಲ ಚೆನ್ನಾಗಿರಲಿ, ಅಪ್ಪನ ಒಳ್ಳೆಯತನ ಮಾತ್ರ ಅವರಿಗೆ ಪೂರ್ತಿ ಬರದಿರಲಿ. ನಿನ್ನ ಬೆರಳು ಚೆನ್ನಾಗಿ ಓಡಲಿ. ಇಷ್ಟು ಬೈದ ಮೇಲೂ ಪ್ರೀತಿ ಎಳ್ಳಷ್ಟೂ ಕಡಿಮೆಯಾಗಿಲ್ಲ, ಅದೇ ನನಗೆ ಸಿಟ್ಟು.

ನಿನ್ನ,
ಬಡಗಿ

ತಾ.ಕ.
ಮಾರ್ಚ್ ೧೫, ಭಾನುವಾರ

ಈ ಪತ್ರ ಆರು ದಿನದಿಂದ ನನ್ನ ಜೇಬಿನಲ್ಲೇ ಇದೆ. ಪೋಸ್ಟ್ ಡಬ್ಬಿಯವರೆಗೆ ಎರಡು ಸಲ ಹೋಗಿ ವಾಪಸ್ ಬಂದೆ. ನಿನ್ನನ್ನು ಬೈದದ್ದೆಲ್ಲ ನಿಜ, ಆದರೆ ಒಂದು ಮಾತನ್ನು ಬಿಟ್ಟು ಬೈದಿದ್ದೇನೆ. ನನ್ನ ಮೇಲೆ ಸಿಟ್ಟಾಗಿ ಪುಟ್ಟಿ ವರ್ಕ್‌ಶಾಪ್ ಬಿಟ್ಟಳು ಎಂದಷ್ಟೇ ನಿನಗೆ ಗೊತ್ತು. ಯಾವುದಕ್ಕೆ ಎಂದು ನಾನು ಹೇಳಿಲ್ಲ, ಅವಳೂ ಹೇಳಿರಲಾರಳು.

ಮೂರು ವರ್ಷದ ಹಿಂದೆ ಒಂದು ಬೆಳಗ್ಗೆ ಅವಳು ಬಂದು, "ಅಪ್ಪಾ, ನೀನು ಕುಳಿ ಓರೆ ಕೊಯ್ತಿದ್ದೀಯ. ಇವತ್ತಿನದಲ್ಲ, ತುಂಬ ವರ್ಷದಿಂದ. ಅಚ್ಚು ಒಂದ್ಸಲ ತಿರುಗಿಸಿ ನೋಡು" ಎಂದಳು. ಅಚ್ಚು ಎಂದು ಬಾಯಿಬಿಟ್ಟು ಹೇಳಿದ್ದಳು ಸಾಧು. ನಾನು ಒಳಗೆ ಹೋಗಿ ನಿನ್ನ ಫೈಲು ತಂದೆ. ಮೂರನೇ ಗಿಟಾರಿಗೆ ನೀನು ಬರೆದ ಎರಡು ಪುಟವನ್ನು ಬಣ್ಣದವರ ಎದುರು, ಅಂಗಡಿಗೆ ಬಂದಿದ್ದ ಇಬ್ಬರ ಎದುರು, ಗಟ್ಟಿಯಾಗಿ ಪೂರ್ತಿ ಓದಿದೆ. ಓದಿ, "ಇಷ್ಟು ವರ್ಷದ ಗಿರಾಕಿ, ಸ್ಟೇಜ್ ಮೇಲೆ ನುಡಿಸೋನು. ಅವನಿಗೆ ಕಾಣದ ತಪ್ಪು ನಿನಗೆ ಕಾಣಿಸ್ತಾ?" ಎಂದೆ. ಅವಳು ಒಂದೇ ಮಾತು ಕೇಳಿದಳು, "ಅಚ್ಚು ನೋಡ್ತೀಯೋ ಇಲ್ವೋ?" ನಾನು ಇಲ್ಲ ಎಂದೆ. ಏಪ್ರನ್ ಬಿಚ್ಚಿ, ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲಿಟ್ಟು ಹೋದಳು. ಎರಡು ನಿಮಿಷದ ಕೆಲಸವಾಗಿತ್ತು, ತಿರುಗಿಸಿ ನೋಡುವುದು.

ನಿನ್ನೆ ಅವಳ ಅಂಗಡಿಗೆ ಹೋಗಿದ್ದೆ. ದರ್ಜಿ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ, ಒಂದು ಮೇಜು ಹಿಡಿಯುವಷ್ಟು ಜಾಗ. ವರ್ಕ್‌ಶಾಪಿನಲ್ಲಿದ್ದ ಒಂಬತ್ತರಲ್ಲಿ ಒಂದಕ್ಕೆ ನೆಕ್ ಹಾಕಿ ತೆಗೆದುಕೊಂಡು ಹೋಗಿದ್ದೆ, ಬರಿಗೈಯಲ್ಲಿ ಹೋಗುವ ಧೈರ್ಯವಾಗಲಿಲ್ಲ. ಮುಂದೆ ಇಬ್ಬರಿದ್ದರು, ನಿಂತೆ. ನನ್ನ ಸರದಿ ಬಂತು. ಅವಳು ಮುಖ ನೋಡಿದಳು, ಗಿಟಾರ್ ನೋಡಿದಳು, "ಏನು ತೊಂದರೆ?" ಎಂದಳು. ತಂತಿ ಮೇಲಿದೆ, ಇಳಿಯುತ್ತಿಲ್ಲ ಎಂದೆ. ತಗೊಂಡು ತುದಿಯವರೆಗೆ ನುಡಿಸಿದಳು. ಎಷ್ಟು ಚೆನ್ನಾಗಿ ನುಡಿಸುತ್ತಾಳೆ ಗೊತ್ತಾ! "ಅಚ್ಚು ತಿರುಗಿಸಿ ನೋಡಿದೆ, ಏಳು ಪಟ್ಟಿ ಇತ್ತು, ಕಿತ್ತೆ, ನೀನು ಹೇಳಿದ್ದೇ ಸರಿ" ಎಂದೆ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದೆ, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಅವಳು ತಲೆಯಾಡಿಸಿದಳು. ಬೈಯುತ್ತಾಳೆ ಎಂದು ಕಾದೆ. ನನ್ನ ಹಿಂದೆ ನಿಂತವನು ಗಡಿಯಾರ ನೋಡಿಕೊಂಡ. ಅವಳು ರಸೀದಿ ಬರೆದು, ಹರಿದು, ನನ್ನ ಕೈಗೆ ಕೊಟ್ಟಳು.

ಮಾತು ಬಂದ ದಿನದಿಂದ ನನ್ನನ್ನು 'ನೀನು' ಎಂದವಳು, ಜಗಳವಾಡಿ ಹೋದ ದಿನವೂ 'ನೋಡ್ತೀಯೋ ಇಲ್ವೋ' ಎಂದವಳು, ನನಗಿಂತ ಮುಂದೆ ನಿಂತಿದ್ದ ಆ ಇಬ್ಬರಿಗೆ ಹೇಳಿದ ಹಾಗೆಯೇ, ಅದೇ ದನಿಯಲ್ಲಿ, "ಗುರುವಾರ ಬನ್ನಿ" ಎಂದಳು.